ಮೂರಕ್ಕೊಂದು ಎಡವುವ ನಾಡಿ

ಕನಸಿನಲ್ಲಿ ಬಂದು ಹೇಳಿದ್ದು, ಹಲ್ಲಿ ನುಡಿದದ್ದು, ಗಾಳಿ ಬಡಿದದ್ದು, ಇವನ್ನೆಲ್ಲ ನಾನು ಒಂದು ಕಿವಿಯಿಂದ ಕೇಳಿ ಇನ್ನೊಂದು ಕಿವಿಯಿಂದ ಬಿಟ್ಟಾಕಿ. ನಮ್ಮ ಓಣಿಯಲ್ಲಿ ಯಾರಿಗಾದರೂ ಮೈಮೇಲೆ ಬಂದರೆ ಜನ ಕೈ ಮುಗಿದು ನಿಲ್ಲುತ್ತಾರೆ. ನಾನು ಮಾತ್ರ, ಮೊದಲು ಅಕಿಗೆ ಹೊಟ್ಟೆ ತುಂಬ ಊಟ ಹಾಕ್ರಿ, ಆಮೇಲೆ ಯಾರು ಬಂದಾರ ನೋಡೋಣ ಅನ್ನುವಾಕಿ. ಮಾಣಿಕನಗರದ ದೇವಸ್ಥಾನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ದರ್ಶನಕ್ಕೆ ಹೋಗುತ್ತೇನೆ, ಪ್ರಸಾದ ಉಣ್ಣುತ್ತೇನೆ, ಬರುತ್ತೇನೆ. ದೇವರಿಗೆ ನನ್ನ ಕೂಡ ಮಾತಾಡುವಷ್ಟು ಪುರಸೊತ್ತಿಲ್ಲ. ನನಗೂ ಇಲ್ಲ.

ಹಂಗಿದ್ದಾಕಿ ಇದನ್ನು ಬರೆಯಲು ಕೂತೀನಿ ಅಂದರೆ ನೀವು ನಗಬಹುದು. ನಗ್ರಿ. ನಾನು ನಾಕನೇ ಇಯತ್ತೆ ಕಲಿತು ಬಿಟ್ಟಾಕಿ, ಚೆಂದ ಮಾಡಿ ಹೇಳಲು ಬರುವುದಿಲ್ಲ. ಆದದ್ದನ್ನು ಆದಂಗ ಹೇಳುತ್ತೇನೆ. ಇಂಥ ಮಾತು ಹೇಳುವವರೆಲ್ಲ ಅಮಾಸಿ ರಾತ್ರಿ ಹನ್ನೆರಡಕ್ಕೆ ಶುರು ಮಾಡುತ್ತಾರೆ. ನನ್ನದು ಆದದ್ದು ಮಟಮಟ ಮಧ್ಯಾಹ್ನ, ಹುಮನಾಬಾದಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ, ಬಿಳಿ ದೀಪದ ಕೆಳಗೆ. ಎಸಿ ಗಾಳಿಗೆ ನನ್ನ ಮೊಣಕಾಲು ನೋಯುತ್ತಿತ್ತು. ಅಲ್ಲಿ ಹೆದರಿಸುವಂಥದ್ದು ಅಂದರೆ ಅದೊಂದೇ.

ಮೊದಲು ನಾಡಿಯ ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನನ್ನ ತವರು ಹುಡಗಿ ಅನ್ನುವ ಊರು. ನಮ್ಮವ್ವನ ಅವ್ವ ಅಲ್ಲಿ ಹೆರಿಗೆ ಮಾಡಿಸುತ್ತಿದ್ದಳು. ಅಕಿಯ ಹತ್ತಿರ ಗಡಿಯಾರ ಇರಲಿಲ್ಲ, ಇದ್ದರೂ ನೋಡಲು ಬರುತ್ತಿರಲಿಲ್ಲ. ಬಲಗೈ ಬೆರಳು ಬಸುರಿಯ ಮಣಿಕಟ್ಟಿನ ಮೇಲೆ ಇಡುವಳು, ಎಡಗೈ ಬೆರಳು ತನ್ನದೇ ಬಲ ಮಣಿಕಟ್ಟಿನ ಮೇಲೆ. ತನ್ನ ನಾಡಿ ಹತ್ತು ಬಡಿಯುವಷ್ಟರಲ್ಲಿ ಅವರದು ಎಷ್ಟು ಬಡಿಯಿತು ಅಂತ ನೋಡುವಳು. ತನ್ನ ನಾಡಿಯೇ ಅಕಿಯ ಗಡಿಯಾರ. ನಾನು ಸಣ್ಣಾಕಿದ್ದಾಗ ಅಕಿಯ ಹಿಂದೆ ಹಿಂದೆ ತಿರುಗಿ ಇದನ್ನು ಕಲಿತೆ. ಕಲಿಸುವಾಗ ಅಕಿ ಒಂದೇ ಮಾತು ಹೇಳಿದ್ದಳು: "ಸಿಟ್ಟು ಬಂದಾಗ ಯಾರ ಕೈನೂ ಹಿಡೀಬ್ಯಾಡ. ನಿನ್ನ ಗಡಿಯಾರ ಓಡ್ತಿರ್ತದ."

ಲಗ್ನವಾಗಿ ಹುಮನಾಬಾದಿಗೆ ಬಂದ ಮೇಲೆ ಮಕ್ಕಳಿಗೆ ಜ್ವರ ಬಂದರೆ, ನೆರೆಮನೆಯವರಿಗೆ ತಲೆ ತಿರುಗಿದರೆ ಹಿಂಗೇ ನೋಡಿಕೊಂಡು ಬಂದೆ. ನಮ್ಮ ಅತ್ತಿ ಕಡೆಯ ಮೂರು ತಿಂಗಳು ಹಾಸಿಗೆ ಹಿಡಿದು ಮಲಗಿದ್ದಳು. ದಿನಾ ಮುಂಜಾನೆ ಅಕಿಯ ಕೈ ಹಿಡಿದೆ. ಅಂಥ ನಾಡಿ ನಾನು ಬೇರೆ ಯಾರಲ್ಲೂ ನೋಡಿಲ್ಲ. ಮೂರು ಸಲ ಸರಿಯಾಗಿ ಬಡಿಯುವುದು, ನಾಕನೇದು ಬಾರದೇ ಸುಮ್ಮನಾಗುವುದು, ಆಮೇಲೆ ಧಡ್ ಅಂತ ಒಂದು ಜೋರು ಬಡಿತ. ಮೂರು ಹೆಜ್ಜೆ ನೆಟ್ಟಗೆ ನಡೆದು ನಾಕನೇ ಹೆಜ್ಜೆಗೆ ಕಲ್ಲು ಎಡವಿದಂಗ. ಆಮೇಲೆ ಮತ್ತೆ ಮೂರು.

"ದಿನಾ ನನ್ನ ಕೈ ಹಿಡದು ಏನ್ ಎಣಸ್ತಿ?" ಅಂತ ಅತ್ತಿ ಒಂದು ದಿನ ಕೇಳಿದಳು.

"ಇನ್ನ ಎಷ್ಟು ದಿನ ಬೈಸ್ಕೋಬೇಕು ಅಂತ ನೋಡಾಕತ್ತೇನಿ" ಅಂದೆ.

"ಅದಾ? ಭಾಳ ದಿನ" ಅಂದಳು. ಮುಂದಿನ ಸೋಮವಾರ ಹೋದಳು. ಇದಾಗಿ ಹನ್ನೊಂದು ವರ್ಷ. ಆಮೇಲೆ ಎಷ್ಟೋ ಜನರ ಕೈ ಹಿಡಿದೀನಿ, ಆ ನಡಿಗೆ ಎಲ್ಲೂ ಸಿಗಲಿಲ್ಲ.

ಈಗ ಕಾಶೀಬಾಯಿ. ಆ ಅತ್ತಿಯ ಒಬ್ಬಳೇ ಮಗಳು, ನನ್ನ ನಾದಿನಿ, ನನಗೆ ವೈನಿ ಅನ್ನುವಾಕಿ. ಬಸವಕಲ್ಯಾಣಕ್ಕೆ ಕೊಟ್ಟಿದ್ದು. ಗಂಡ ತೀರಿಕೊಂಡಾನ, ಸೊಸೆ ಮೊಮ್ಮಕ್ಕಳ ಮೇಲೆ ದರ್ಬಾರು ಮಾಡಿಕೊಂಡು ಆರಾಮ ಇದ್ದಾಳ. ಅಕಿಗೂ ನನಗೂ ಐವತ್ತು ವರ್ಷದಿಂದ ಜಗಳ. ದೊಡ್ಡ ಕಾರಣ ಏನಿಲ್ಲ. ಬಿಟ್ಟುಬಿಟ್ಟರೆ ಇಬ್ಬರಿಗೂ ಹೊತ್ತು ಹೋಗುವುದಿಲ್ಲ, ಅಷ್ಟೇ.

ಹೋದ ವರ್ಷ ಬ್ಯಾಸಗಿಯಲ್ಲಿ ಕಾಶಿಗೆ ಬಲಮಗ್ಗುಲಿಗೆ ಹೊಟ್ಟೆನೋವು ಹತ್ತಿತು. ಕಲ್ಯಾಣದ ಡಾಕ್ಟರು ನೋಡಿ, ರಕ್ತ ತಪಾಸ್ ಮಾಡಿಸಿ, ಹುಮನಾಬಾದಿನಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿಕೊಂಡು ಬರ್ರಿ ಅಂತ ಚೀಟಿ ಬರೆದುಕೊಟ್ಟರು. ಮಗ ಅಕಿಯನ್ನು ನಮ್ಮ ಮನೆಗೆ ಬಿಟ್ಟು ಕೆಲಸಕ್ಕೆ ಹೋದ. ನಾನೇ ಆಟೋದಲ್ಲಿ ಕರಕೊಂಡು ಹೋದೆ. ಹಾದಿ ತುಂಬ ಜಗಳ. ಮುಂಜಾನೆಯಿಂದ ಏನೂ ತಿನ್ನಬಾರದು ಅಂತ ಹೇಳಿದ್ದರು. ನಾನೇ ಬೇಕಂತ ಉಪಾಸ ಕೆಡವೀನಿ ಅನ್ನೋ ಹಂಗ ಅಕಿಯ ಮಾತು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ನಮ್ಮನ್ನು ನೋಡಿಕೊಂಡಾಕಿ ಪ್ರಜ್ಞಾ ಅಂತ ಒಬ್ಬ ನರ್ಸ್ ಹುಡುಗಿ. ಹುಲಸೂರ ಕಡೆಯಾಕಿ, ಅವ್ವ ಅಪ್ಪ ಹೊಲದ ಕೂಲಿ ಮಾಡಿ ಓದಿಸ್ಯಾರ. ಇದನ್ನೆಲ್ಲ ನಾನು ಕೇಳಿ ತಿಳಕೊಂಡದ್ದು, ಅಕಿ ಹೇಳಿದ್ದಲ್ಲ. ಅಕಿ ಹೇಳಿದ್ದು ತನ್ನ ಹೆಸರು, ತನ್ನ ಕೆಲಸ, ಮತ್ತೆ ಈಗ ಏನು ಮಾಡುತ್ತೇನೆ ಅನ್ನುವುದು. ಮಾಡುವುದಕ್ಕೆ ಮೊದಲು ಪ್ರತಿಯೊಂದನ್ನೂ ಹೇಳುವಳು. "ಆಯಿ, ಈಗ ರಟ್ಟಿಗೆ ಪಟ್ಟಿ ಕಟ್ತೀನ್ರಿ, ಜರಾ ಬಿಗಿ ಆಗ್ತದ, ಹೆದರಬ್ಯಾಡ್ರಿ." ದವಾಖಾನೆಗಳಲ್ಲಿ ನಮ್ಮಂಥವರ ಕೈ ತಗೊಂಡು ಚೀಲ ಎಳೆದಂಗ ಎಳೆಯುವವರನ್ನು ಬಹಳ ನೋಡೀನಿ. ಈ ಹುಡುಗಿ ಹಂಗಲ್ಲ.

ಹೆಸರು ಕೇಳಿದಳು. ಚೀಟಿಯಲ್ಲಿ ಬರೆದಿತ್ತಲ್ಲ ಅಂದರೆ, "ನೀವ ಹೇಳ್ಬೇಕ್ರಿ, ಬ್ಯಾರೆಯವರ ಸ್ಕ್ಯಾನ್ ನಿಮಗ ಆಗಬಾರದು" ಅಂದಳು. ವಯಸ್ಸು ಕೇಳಿದಳು. ಕಾಶಿ ಅರವತ್ತು ಅಂದಳು.

"ಅರವತ್ತೆಂಟು ಬರಿ" ಅಂದೆ ನಾನು. "ನನಗಿಂತ ಎರಡು ವರ್ಷ ಸಣ್ಣಾಕಿ. ಅಕಿದು ಅರವತ್ತಾದ್ರ ನಾ ಇನ್ನೂ ಹೊಲಕ್ಕ ಕೂಲಿಗೆ ಹೋಗ್ಬೇಕು."

"ವೈನಿ, ಸ್ಕ್ಯಾನ್ ನಿನಗೋ ನನಗೋ?" ಅಂದಳು ಕಾಶಿ.

ಮೈಮೇಲಿನ ಲೋಹದ ಸಾಮಾನು ತೆಗೆಯಬೇಕು ಅಂದಾಗ ಕಾಶಿ ಬಳೆ ತೆಗೆದಳು, ಸರ ತೆಗೆದಳು, ಸೊಂಟದ ಕೀಲಿಗೊಂಚಲಿನ ಮೇಲೆ ಕೈ ಇಟ್ಟು ಸುಮ್ಮನೆ ನಿಂತಳು. ಟ್ರಂಕು, ಕಪಾಟು, ಹಿಟ್ಟಿನ ಕೋಣೆ, ಎಲ್ಲದರ ಕೀಲಿ. ಸೊಸೆಗೆ ಒಂದು ದಿನ ಕೊಟ್ಟಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ ನನ್ನ ಕೈಗೆ ಹಾಕಿದಳು. ಆಗ ನನಗೆ ಗೊತ್ತಾಯಿತು, ಅಕಿ ಖರೇನೇ ಹೆದರಿದ್ದಾಳ ಅಂತ.

ಆಮೇಲೆ ಪ್ರಶ್ನೆಗಳು. ಈ ಸ್ಕ್ಯಾನಿಗೆ ರಕ್ತದೊಳಗೆ ಒಂದು ಔಷಧ ಬಿಡುತ್ತಾರೆ, ಒಳಗಿನದೆಲ್ಲ ಎದ್ದು ಕಾಣಲಿ ಅಂತ. ಬಹಳ ಜನರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಅದು ಒಗ್ಗುವುದಿಲ್ಲ. ಅದಕ್ಕೆ ಹುಡುಗಿ ಒಂದೊಂದೇ ಕೇಳಿದಳು. ದಮ್ಮು ಇತ್ತೇನು? ಇಲ್ಲ. ಮೊದಲು ಇಂಥ ಸ್ಕ್ಯಾನ್ ಆಗಿತ್ತೇನು? ಇಲ್ಲ. ಯಾವುದಾದರೂ ಇಂಜೆಕ್ಷನ್ನಿಗೆ ಮೈ ಕೆರೆತ, ಬಾವು, ಉಸಿರು ಕಟ್ಟಿದ್ದು? ಇಲ್ಲ, ಇಲ್ಲ, ಇಲ್ಲ. ಕಾಶಿ ಅಷ್ಟು ಜಲ್ದಿ ಇಲ್ಲ ಅಂದದ್ದಕ್ಕೆ ಹುಡುಗಿ ಒಂದು ಸಲ ತಲೆ ಎತ್ತಿ ನೋಡಿದಳು.

ಬಿಪಿ ನೋಡಿದಳು, ಜ್ವರ ನೋಡಿದಳು, ಬೆರಳಿಗೆ ಚಿಮಟಿಗೆಯಂಥ ಯಂತ್ರ ಹಾಕಿದಳು. ಆಮೇಲೆ ಮಣಿಕಟ್ಟು ಹಿಡಿದು ತನ್ನ ಗಡಿಯಾರ ನೋಡಿದಳು. ನಾಡಿ ಎಣಿಸಿ ಮುಗಿಯಿತು ಅಂತ ನನಗೆ ಗೊತ್ತಾಯಿತು, ಆದರೂ ಅಕಿ ಕೈ ಬಿಡಲಿಲ್ಲ. ಕಣ್ಣು ಕಾಶಿಯ ಎದೆಯ ಮೇಲೆ.

"ಉಸಿರು ಎಣಸಾಕತ್ತೀ ಹೌದಿಲ್ಲ?" ಅಂದೆ. "ನಮ್ಮ ಅಜ್ಜಿನೂ ಹಿಂಗ ಮಾಡ್ತಿದ್ದಳು. ಉಸಿರು ನೋಡ್ತೀನಿ ಅಂತ ಹೇಳಿದ್ರ ಮಂದಿ ಉಸಿರಾಟ ಬದಲಿ ಮಾಡ್ತಾರ."

ಹುಡುಗಿ ನಕ್ಕಳು. "ನಮಗ ಕಾಲೇಜಿನಾಗ ಅದನ್ನ ಕಲಿಸ್ಯಾರ್ರಿ, ಆಯಿ. ನಿಮ್ಮ ಅಜ್ಜಿ ಎಲ್ಲಿ ಕಲ್ತಿದ್ರು?"

"ಹುಡಗಿಯಾಗ" ಅಂದೆ.

ಅಲ್ಲಿಂದ ನಾವಿಬ್ಬರೂ ಒಂದೇ ಕಸುಬಿನವರಂಗ ಆದೆವು. ಅದಕ್ಕೇ ಇರಬೇಕು, ಮುಂದೆ ನಾನು ಹೇಳಿದ್ದನ್ನು ಅಕಿ ತಳ್ಳಿಹಾಕಲಿಲ್ಲ.

ಕೈಯ ನರಕ್ಕೆ ಸೂಜಿ ಹಾಕಿ ಪಟ್ಟಿ ಅಂಟಿಸಿದಾಗ ಕಾಶಿ, "ವೈನಿ, ಈ ಕೈ ಹಿಡಿ" ಅಂದಳು. ಹಿಡಿದೆ. ನನ್ನ ಬೆರಳು ರೂಢಿಯಂತೆ ತಾವೇ ಮಣಿಕಟ್ಟಿಗೆ ಹೋದವು, ಎಡಗೈ ನನ್ನ ಮಣಿಕಟ್ಟಿಗೆ ಬಂತು. ಯಾವ ವಿಚಾರವೂ ಇರಲಿಲ್ಲ.

ಮೂರು ಬಡಿಯಿತು. ನಿಂತಿತು. ಧಡ್ ಅಂತು. ಮತ್ತೆ ಮೂರು.

ನನ್ನ ಮೈಯೇನೂ ಜುಮ್ಮೆನ್ನಲಿಲ್ಲ, ಸುಳ್ಳು ಹೇಳುವುದಿಲ್ಲ. ಮೊದಲಿಗೆ ಅನ್ನಿಸಿದ್ದು ಇಷ್ಟೇ: ಅರೇ, ಇದು ನನಗೆ ಗೊತ್ತಿದ್ದ ನಡಿಗೆ. ಮನೆಯ ಹೊರಗಿನ ಚಪ್ಪಲಿ ಸಪ್ಪಳದಿಂದ ಬಂದವರು ಯಾರು ಅಂತ ಗೊತ್ತಾಗುವುದಿಲ್ಲವೇ, ಹಂಗ. ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದೆ. ಅದೇ. ನನ್ನದು ಸರಿಯಾಗಿ ಬಡಿಯುತ್ತಿತ್ತು, ಅಕಿಯದು ಎಡವುತ್ತಿತ್ತು. ಎದುರಿನ ಯಂತ್ರದಲ್ಲಿ ಮಾತ್ರ ಎಪ್ಪತ್ತಾರು ಅಂತ ತೋರಿಸುತ್ತ ಹಸಿರು ಗೆರೆ ಸಾಲು ಹಚ್ಚಿದಂಗ ಸಮನಾಗಿ ಹೋಗುತ್ತಿತ್ತು.

"ಹುಡುಗಿ, ಇಕಿ ನಾಡಿ ತಪ್ಪಾಕತ್ತದ" ಅಂದೆ.

ಬೇರೆಯವರಾಗಿದ್ದರೆ ಹೊರಗೆ ಕುಂದರ್ರಿ ಅಂತಿದ್ದರು. ಪ್ರಜ್ಞಾ ಯಂತ್ರ ನೋಡಿದಳು, ಆಮೇಲೆ ಬಂದು ಇನ್ನೊಂದು ಕೈ ಹಿಡಿದು ಪೂರಾ ಒಂದು ನಿಮಿಷ ಎಣಿಸಿದಳು. ಅಕಿ ಆ ಕೈ, ನಾನು ಈ ಕೈ. ಒಬ್ಬಳೇ ಹೆಂಗಸು, ಒಂದೇ ಗುಂಡಿಗೆ. ಅಕಿಗೆ ಸಮ ಬಡಿಯುತ್ತಿತ್ತು, ನನಗೆ ಎಡವುತ್ತಿತ್ತು.

"ನನಗ ಸಿಗವಲ್ದುರಿ" ಅಂದಳು.

"ನನಗ ಸಿಗಾಕತ್ತದ" ಅಂದೆ.

ಕಾಶಿ ಮಲಗಿದಲ್ಲೇ, "ನಾ ಇನ್ನೂ ಸತ್ತಿಲ್ಲ, ನನ್ನನ್ನೂ ಒಂದ್ಮಾತ ಕೇಳ್ರಿ" ಅಂದಳು.

ಹುಡುಗಿ ಒಳಗಿನ ಡಾಕ್ಟರಿಗೆ ಫೋನು ಹಚ್ಚಿದಳು. ಅಕಿ ಆಡಿದ ಮಾತು ನನಗೆ ಇನ್ನೂ ಹಂಗೇ ನೆನಪದ. ರೋಗಿಯ ಹೆಸರು ಹೇಳಿದಳು, ವಯಸ್ಸು ಅರವತ್ತೆಂಟು ಅಂದಳು, ಬಿಪಿ ಇಷ್ಟು, ಉಸಿರು ಇಷ್ಟು. "ನಾಡಿ ಎಪ್ಪತ್ತಾರು, ನಾ ಒಂದು ನಿಮಿಷ ಎಣಸೇನ್ರಿ ಸರ್, ಸಮ ಅದ. ಆದ್ರ ಸಂಗಾಟ ಬಂದ ಆಯಿ ನಾಡಿ ತಪ್ಪಾಕತ್ತದ ಅಂತಾರ. ಅವರಿಗೆ ನಾಡಿ ನೋಡೂ ರೂಢಿ ಅದ. ಇಂಜೆಕ್ಷನ್ ಕೊಡೂದಕ್ಕ ಮೊದಲ ನೀವು ಬಂದು ನೋಡ್ಬೇಕ್ರಿ." ತನಗೆ ಸಿಕ್ಕದ್ದನ್ನೂ ಹೇಳಿದಳು, ನನಗೆ ಸಿಕ್ಕದ್ದನ್ನೂ ಹೇಳಿದಳು. ಮುದುಕಿಗೆ ಏನೋ ಭ್ರಮೆ ಅಂತ ತನ್ನ ಕಡೆಯಿಂದ ಒಂದು ಮಾತು ಸೇರಿಸಲಿಲ್ಲ. ಸಾಲಿ ಕಲಿತವರಲ್ಲಿ ಇಂಥ ಬಾಯಿ ಕಡಿಮೆ.

ಡಾಕ್ಟರು ಬೇರೆ ರೋಗಿ ನೋಡುತ್ತಿದ್ದರು, ಬರಲು ಹತ್ತು ನಿಮಿಷ ಬೇಕು ಅಂದರು. ನಾನು ಕೈ ಬಿಡಲಿಲ್ಲ. ಎಡವುತ್ತಲೇ ಇತ್ತು. ಹುಡುಗಿ ಹಾಳೆ ತಗೊಂಡು, "ಇನ್ನೊಂದು ಸಲ ಮೊದಲಿಂದ ಕೇಳ್ತೀನ್ರಿ" ಅಂದಳು. ಕಾಶಿ ಮತ್ತೆ ಇಲ್ಲ, ಇಲ್ಲ ಅಂತ ಶುರು ಮಾಡಿದಳು.

ಆಗ ನನಗೆ ಅತ್ತಿಯ ಮನೆಯ ಒಂದು ಪದ್ಧತಿ ನೆನಪಿಗೆ ಬಂತು. ಬಂದು ಹೋದ ಬ್ಯಾನಿಯ ಹೆಸರು ಬಾಯಿಗೆ ತರಬಾರದು ಅಂತ ಅತ್ತಿಯ ಕಟ್ಟಳೆ. ಹೆಸರು ತಗೊಂಡರೆ ಕರೆದಂಗ, ಕರೆದರೆ ತಿರುಗಿ ಬರುತ್ತದ ಅಂತ. ನನ್ನ ಗಂಡನಿಗೆ ಸಣ್ಣವನಿದ್ದಾಗ ಏನೇನು ಆಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಅಕಿ ಬಾಯಿ ಬಿಡಲೇ ಇಲ್ಲ. ನಾನು ಇದನ್ನು ಹುಡುಗಿಗೆ ಹೇಳಿದೆ: "ಇವರ ಮನಿಯಾಗ ಹೋದ ಬ್ಯಾನಿ ಹೆಸರು ತಗೊಳ್ಳೂದಿಲ್ಲ. ಸುಳ್ಳು ಹೇಳಾಕತ್ತಿಲ್ಲ ಇಕಿ, ಹೆದರಾಕತ್ತಾಳ."

ಪ್ರಜ್ಞಾ ಹಾಳೆ ಕೆಳಗಿಟ್ಟಳು. ಕುರ್ಚಿ ಎಳೆದುಕೊಂಡು ಕಾಶಿಯ ಮುಖದ ಸಮಕ್ಕೆ ಕೂತಳು. "ಆಯಿ, ನೀವು ಏನೂ ಹೇಳಬ್ಯಾಡ್ರಿ. ಹೆಸರು ನಾ ತಗೋತೀನಿ, ಬಂದ್ರ ನನಗ ಬರ್ಲಿ. ನೀವು ಬರೇ ತಲಿ ಅಲ್ಲಾಡಸ್ರಿ."

ಕಾಶಿ ನನ್ನ ಕಡೆ ನೋಡಿದಳು. "ಅಲ್ಲಾಡಸು" ಅಂದೆ.

ಮೊದಲು ಇಂಥ ಔಷಧ ಬಿಟ್ಟು ಸ್ಕ್ಯಾನ್ ಮಾಡಿದ್ದರೇನು? ಕಾಶಿ ತಲೆ ಅಲ್ಲಾಡಿಸಿದಳು, ಹೌದು ಅಂತ. ಮೈಗೆ ದದ್ದು ಎದ್ದಿತ್ತೇನು? ಹೌದು. ತುಟಿ, ಗಂಟಲು ಬಾತಿತ್ತೇನು? ಹೌದು. ಉಸಿರು ಕಟ್ಟಿತ್ತೇನು? ಕಾಶಿ ಕಣ್ಣು ಮುಚ್ಚಿ ನಿಧಾನಕ್ಕೆ ತಲೆ ಅಲ್ಲಾಡಿಸಿದಳು.

ನನ್ನ ಬೆರಳ ಕೆಳಗೆ ಮೂರು ಬಡಿಯಿತು. ನಾಕನೇದಕ್ಕೆ ಕಾದೆ. ನಾಕನೇದು ಬಂತು. ಐದನೇದು ಬಂತು, ಆರು, ಏಳು. ಸಮನಾಗಿ ಎಪ್ಪತ್ತಾರಕ್ಕೆ ಯಂತ್ರದ ಕೂಡ ಹೆಜ್ಜೆ ಹಾಕಿ ನಡೆಯಿತು. ಎಷ್ಟು ಹೊತ್ತು ಹಿಡಿದು ಕೂತರೂ ಮತ್ತೆ ಎಡವಲಿಲ್ಲ.

ಡಾಕ್ಟರು ಬಂದರು. ಹುಡುಗಿ ಎಲ್ಲ ಹೇಳಿದಳು. ಅವರು ಔಷಧ ಬ್ಯಾಡ, ಬರೀ ಸ್ಕ್ಯಾನ್ ಸಾಕು ಅಂದರು. ಮೊದಲು ಅಷ್ಟು ಆಗಿದ್ದರೆ ಈ ಸಲ ಇನ್ನೂ ಜೋರಾಗಿ ಆಗಬಹುದಿತ್ತು, ಜೀವಕ್ಕೆ ಬರಬಹುದಿತ್ತು, ಏನೂ ಆಗದೇ ಇರಲೂಬಹುದಿತ್ತು ಅಂದರು. ಬರೀ ಸ್ಕ್ಯಾನಿನಲ್ಲೇ ರೋಗ ಸಿಕ್ಕಿತು. ಮೂತ್ರದ ಹಾದಿಯಲ್ಲಿ ಒಂದು ಹರಳು, ತೊಗರಿಬ್ಯಾಳಿಯಷ್ಟು. ಇಷ್ಟಕ್ಕೆ ಇಷ್ಟು ಒದರಾಡಿದಿ ಅಂತ ನಾನು ಕಾಶಿಗೆ ಅಂದೆ.

ನಾಡಿಯ ಮಾತನ್ನು ಡಾಕ್ಟರು ಹಂಗೇ ಬಿಡಲಿಲ್ಲ. ಕಾಶಿಯ ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆಸಿದರು, ಗೆರೆ ಸಮ. ಆಮೇಲೆ, "ಆಯಿ, ನೀವೂ ಜರಾ ಮಲಗ್ರಿ" ಅಂದರು. ತಪ್ಪುವುದು ನನ್ನ ನಾಡಿಯೇ ಇರಬಹುದು ಅಂತ ಅವರ ಗುಮಾನಿ. ನನಗೂ ಹಚ್ಚಿದರು. ನನ್ನದೂ ಸಮ. ರೋಗಿ ಒಬ್ಬಳು, ತಪಾಸು ಇಬ್ಬರಿಗೆ. ಕಾಶಿಗೆ ಅದೊಂದು ಸಮಾಧಾನ.

"ನಿಮ್ಮ ಬೆರಳು ನಡುಗಿರಬೇಕು" ಅಂದರು ಡಾಕ್ಟರು.

"ನಡುಗಿರಬಹುದ್ರಿ. ಆದ್ರ ಮೂರಕ್ಕೊಂದು ಲೆಕ್ಕ ಇಟ್ಟು ನಡುಗ್ತಾವೇನ್ರಿ?" ಅಂದೆ. ಅವರು ನಕ್ಕು, ಅದು ನನಗೂ ಗೊತ್ತಿಲ್ಲ ಅಂದರು. ಗೊತ್ತಿಲ್ಲ ಅಂದದ್ದಕ್ಕೆ ಅವರ ಮೇಲೆ ನನಗೆ ವಿಶ್ವಾಸ ಹುಟ್ಟಿತು.

ತಿರುಗಿ ಬರುವಾಗ ಆಟೋದಲ್ಲಿ ಕಾಶಿ ಕೀಲಿಗೊಂಚಲು ಕೇಳಿ ತಗೊಂಡು, ಒಂದೊಂದೇ ಕೀಲಿ ಎಣಿಸಿ, ಸೊಂಟಕ್ಕೆ ಸಿಗಿಸಿಕೊಂಡಳು. ಆಮೇಲೆ ತಾನಾಗಿಯೇ ಹೇಳಿದಳು. ಹದಿಮೂರು ವರ್ಷದ ಹಿಂದೆ ಗಂಡನ ಕೂಡ ಸೋಲಾಪುರಕ್ಕೆ ಸ್ಕ್ಯಾನಿಗೆ ಹೋದಾಗ ಹಂಗಾಗಿತ್ತಂತೆ. ಉಸಿರು ನಿಂತು, ತಿರುಗಿ ಬಂದಿತ್ತಂತೆ. ಊರಿಗೆ ಬಂದು ಒಬ್ಬರಿಗೇ ಹೇಳಿದ್ದು, ತನ್ನ ಅವ್ವನಿಗೆ. ಅಂದರೆ ನಮ್ಮ ಅತ್ತಿಗೆ. ಅತ್ತಿ ಅಕಿಯ ಬಾಯಿ ಮೇಲೆ ಕೈ ಇಟ್ಟು, "ಇನ್ನ ಇದರ ಹೆಸರು ಯಾರ ಮುಂದೂ ತಗೀಬ್ಯಾಡ" ಅಂದಿದ್ದಳಂತೆ. ಗಂಡ ಹೋದ, ಅವ್ವ ಹೋದಳು, ಮಾತು ಅಲ್ಲೇ ಮುಚ್ಚಿಹೋಯಿತು.

ಅಲ್ಲಿ ತನಕ ನಾನು ಆ ನಾಡಿ ಯಾರದು ಅಂತ ಬಾಯಿ ಬಿಟ್ಟಿರಲಿಲ್ಲ. ಆಗ ಹೇಳಿದೆ. ಕಾಶಿ ಸೊಂಟದ ಕೀಲಿಗಳನ್ನು ಮತ್ತೊಂದು ಸಲ ಎಣಿಸಿದಳು.

"ಬಾಯಿ ಮುಚ್ಚಿಸಿದಾಕಿನೇ ಬಂದು ಬಿಚ್ಚಿಸಿದಳು" ಅಂದಳು ಕಡೆಗೆ. ಆಮೇಲೆ ಮುಖ ಸಣ್ಣದು ಮಾಡಿ, "ಆದ್ರ ಮಗಳು ನಾನಿದ್ದೆ. ನಿನ್ನ ಕೈಗೆ ಯಾಕ ಬಂದಳು?" ಅಂದಳು.

"ನೀ ಯಾರ ಮಾತ್ ಕೇಳ್ತಿ? ಅದು ಅಕಿಗೂ ಗೊತ್ತದ" ಅಂದೆ.

ಬಾಯಿಗೆ ಬಂದದ್ದು ಅಂದುಬಿಟ್ಟೆ, ಆದರೆ ಅದನ್ನು ನಾನು ಒಪ್ಪಿಕೊಂಡಿಲ್ಲ. ನನ್ನ ಮೊಮ್ಮಗಳು ಕಲಿತಾಕಿ. ಅಕಿ ಹೇಳುತ್ತಾಳೆ, ಸೋಲಾಪುರದ ಮಾತು ನೀನು ಯಾವಾಗೋ ಕೇಳಿ ಮರೆತಿರಬೇಕು, ಮನಸ್ಸಿನ ಮೂಲೆಯಲ್ಲಿ ಇದ್ದದ್ದು ಬೆರಳಿಗೆ ಬಂದಿರಬೇಕು ಅಂತ. ಇರಬಹುದು. ಆದರೆ ಕಾಶಿ ಸ್ಕ್ಯಾನಿನ ಮೇಜಿನ ಮೇಲೆ ಬಾಯಿ ಬಾತು ಮಲಗಿದ್ದಳು ಅಂತ ನಾನು ಕೇಳಿದ್ದರೆ ಮರೆಯುತ್ತಿದ್ದೆನೇ? ಹದಿಮೂರು ವರ್ಷ ಅದನ್ನೇ ಆಡಿಕೊಂಡು ನಗುತ್ತಿದ್ದೆ. ಆವತ್ತು ಹಾದಿಯಲ್ಲಿ ಜಗಳ ಆಡಿದ್ದೆ, ಸಿಟ್ಟಿನಲ್ಲಿ ಕೈ ಹಿಡಿಯಬಾರದು ಅಂದ ಅಜ್ಜಿಯ ಮಾತು ತಪ್ಪಿದ್ದೆ, ಅದೂ ಖರೆ. ಆದರೆ ಸಿಟ್ಟಿನಲ್ಲಿ ನಾಡಿ ಓಡುತ್ತದ, ಎಡವುವುದಿಲ್ಲ. ಎಲ್ಲ ಕಡೆಯಿಂದ ತಿರುಗಿಸಿ ನೋಡೀನಿ. ಎಲ್ಲಿ ಹಿಡಿದರೂ ಒಂದು ತುದಿ ಬಿಟ್ಟೇ ಹೋಗುತ್ತದ.

ದೆವ್ವ ಅಂತ ನಾನು ಅನ್ನುವುದಿಲ್ಲ. ಈಗಲೂ ಓಣಿಯಲ್ಲಿ ಯಾರಿಗಾದರೂ ಮೈಮೇಲೆ ಬಂದರೆ ಊಟ ಹಾಕ್ರಿ ಅಂತಲೇ ಹೇಳುತ್ತೇನೆ. ಪ್ರಜ್ಞಾ ಒಂದು ಸಲ ಬಜಾರಿನಲ್ಲಿ ಸಿಕ್ಕಿದ್ದಳು. ಈಗ ವಯಸ್ಸಾದ ಹೆಂಗಸರು ಬಂದರೆ ಬಾಯಿಂದ ಕೇಳಿದ ಮೇಲೆ ಇನ್ನೊಂದು ಸಲ, ತಲಿ ಅಲ್ಲಾಡಸ್ರಿ ಅಂತ ಕೇಳುತ್ತಾಳಂತೆ. ಎಷ್ಟೋ ಜನ ಬಾಯಲ್ಲಿ ಇಲ್ಲ ಅಂದು ತಲೆಯಲ್ಲಿ ಹೌದು ಅಂತಾರಂತೆ.

ಕಾಶಿಯ ಹರಳು ನೀರು ಕುಡಿದು ಕುಡಿದು ಬಿದ್ದುಹೋಯಿತು. ಅಕಿ ಈಗ ತಿಂಗಳಿಗೊಂದು ಸಲ ಕಲ್ಯಾಣದಿಂದ ಬಸ್ಸು ಹಿಡಿದು ಬರುತ್ತಾಳೆ. ಚಹಾ ಕುಡಿಯುತ್ತಾಳೆ, ನನ್ನ ಅಡಗಿಗೆ ಹೆಸರಿಡುತ್ತಾಳೆ. ಆಮೇಲೆ ಬಳೆ ಹಿಂದಕ್ಕೆ ಸರಿಸಿ ಕೈ ಮುಂದೆ ಚಾಚುತ್ತಾಳೆ.

"ಅವ್ವ ಬಂದಾಳೇನು ನೋಡು, ವೈನಿ."

ನೋಡುತ್ತೇನೆ. ಸಮ ಬಡಿಯುತ್ತಿರುತ್ತದ, ಎಲ್ಲರದರಂಗ. "ಬಂದಿಲ್ಲ" ಅಂತೀನಿ.

"ನೀ ಬರೋಬ್ಬರಿ ಹಿಡಿದಿಲ್ಲ" ಅಂತಾಳ.

ನಾನೂ ಸೆರಗಿಗೆ ಬೆರಳು ಒರೆಸಿಕೊಂಡು ಇನ್ನೊಂದು ಸಲ ಹಿಡಿಯುತ್ತೇನೆ.